ಬಂಡಾ ಸಮುದ್ರದ ಡೈವಿಂಗ್ ಹಡಗಿಗೆ ಬಾಕಿ ಹಣ ಕಟ್ಟುವ ಮುನ್ನ ಇದನ್ನು ಓದಿ

ಇಂಡೋನೇಷ್ಯಾದ ಬಂಡಾ ಸಮುದ್ರಕ್ಕೆ ಡೈವಿಂಗ್ ಹಡಗಿನಲ್ಲಿ ಹೋಗಲು ಬೆಂಗಳೂರಿನ ಯಾವುದಾದರೂ ಏಜೆಂಟರ ಹತ್ತಿರ ಮಾತುಕತೆ ನಡೆಸಿದ್ದರೆ, ದಯವಿಟ್ಟು ಇವತ್ತು ಹಣ ಕಟ್ಟಬೇಡಿ. ಇದನ್ನು ಓದಿ, ಆಮೇಲೆ ಯೋಚಿಸಿ. ನಾನು ಕಟ್ಟಿದ್ದು ತಲೆಗೆ 3,20,000 ರೂಪಾಯಿ, ಇಬ್ಬರಿಗೆ 6,40,000. ವಿಮಾನದ ಟಿಕೆಟ್ ಬೇರೆ. ಅದರಲ್ಲಿ ಅರ್ಧ ಹಣ ನನ್ನದಲ್ಲ, ನನ್ನ ಮಾತು ನಂಬಿ ಭಾವ ಕೊಟ್ಟದ್ದು. ತಿರುಗಿ ಬಂದು ಒಂದೂವರೆ ತಿಂಗಳಾಯಿತು. ಅಕ್ಕನ ಮನೆಯ ಮೆಟ್ಟಿಲು ಹತ್ತಲು ನನಗಿನ್ನೂ ಮುಖವಿಲ್ಲ.

ನಾನು ಹೊಸಬನಲ್ಲ. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಮೊದಲ ಸಲ ನೀರಿಗಿಳಿದವನು, ಅಂಡಮಾನಿನಲ್ಲಿ ಕಲಿತವನು, ಎಪ್ಪತ್ತಕ್ಕೂ ಹೆಚ್ಚು ಡೈವ್ ಮಾಡಿದವನು. ಹಡಗಿನಲ್ಲೇ ಮಲಗಿ ಉಂಡು ಡೈವ್ ಮಾಡುವ ಇಂಥ ಪ್ರವಾಸಗಳ ಬಗ್ಗೆ ವರ್ಷಗಟ್ಟಲೆ ಓದಿಕೊಂಡವನು. ಇಷ್ಟೆಲ್ಲ ಗೊತ್ತಿದ್ದೂ ಮೋಸಹೋದೆನಲ್ಲ ಎಂಬುದೇ ಹೊಟ್ಟೆ ಉರಿಸುತ್ತಿದೆ.

ಏಜೆಂಟರು ಕನ್ನಡದವರು. ಫೋನಿನಲ್ಲಿ ಊರು ಕೇಳಿದರು, ಶಿರಸಿ ಕಡೆ ಎಂದೆ. “ಹಾಗಾದರೆ ನಮ್ಮವರೇ ಆದಿರಿ. ನಮ್ಮವರಿಗೆ ಮೋಸ ಮಾಡುತ್ತೇನೆಯೇ ಸರ್?” ಎಂದರು. ಮೋಸದ ಮಾತನ್ನು ನಾನು ಎತ್ತಿರಲೇ ಇಲ್ಲ, ಅವರಾಗಿಯೇ ಎತ್ತಿದರು. ಆಗಲೇ ನನಗೆ ಎಚ್ಚರವಾಗಬೇಕಿತ್ತು. “ಎರಡೇ ಸೀಟು ಉಳಿದಿವೆ” ಎಂದರು. ನಾನು ಅದೇ ರಾತ್ರಿ ಮುಂಗಡ ಕಳಿಸಿದೆ.

ಅವರು ಕಳಿಸಿದ ಕಾರ್ಯಕ್ರಮ ಹೀಗಿತ್ತು: ಅಂಬೋನ್ ಎಂಬ ಬಂದರು ಊರಿನಿಂದ ಹೊರಟು ಅಲ್ಲಿಗೇ ಮರಳುವ ಹತ್ತು ರಾತ್ರಿ, 28 ಡೈವ್. ಬಂಡಾ ದ್ವೀಪಗಳಲ್ಲಿ ಗುನುಂಗ್ ಆಪಿ ಜ್ವಾಲಾಮುಖಿಯ ಬುಡದಲ್ಲಿ ಡೈವ್. 1988ರಲ್ಲಿ ಅದು ಸಿಡಿದಾಗ ಲಾವಾ ಸಮುದ್ರಕ್ಕೇ ಹರಿದಿತ್ತು, ಆ ಕರಿಬಂಡೆಯ ಮೇಲೆ ಹವಳ ಎಷ್ಟು ಬೇಗ ಬೆಳೆಯಿತೆಂದರೆ ವಿಜ್ಞಾನಿಗಳೇ ಬೆರಗಾದರು. ಆಮೇಲೆ ಅದೇ ಗುಂಪಿನ ರುನ್ ದ್ವೀಪ. ಅಲ್ಲಿಂದ ಇಡೀ ರಾತ್ರಿಯ ಪಯಣ ಮಾಡಿ ಮಾನುಕ್, ಅಂದರೆ ಜನವಸತಿಯೇ ಇಲ್ಲದ ಒಂಟಿ ಜ್ವಾಲಾಮುಖಿ. ಮೇಲೆ ಸಾವಿರಾರು ಹಕ್ಕಿ, ನೀರಿನೊಳಗೆ ಎತ್ತ ನೋಡಿದರೂ ಕಡಲ ಹಾವು. ಎರಡು ಮಾನ್ಸೂನ್ ಗಾಳಿಗಳ ನಡುವೆ ಸಮುದ್ರ ಶಾಂತವಾಗುವ ಅಕ್ಟೋಬರ್‌ನಲ್ಲಿ ಹೋದರೆ ಹ್ಯಾಮರ್‌ಹೆಡ್ ಶಾರ್ಕ್‌ಗಳ ಹಿಂಡೂ ಕಾಣಸಿಗುತ್ತದೆ. ಮಾನುಕ್‌ಗಾಗಿಯೇ ನಾನು ನಾಲ್ಕು ವರ್ಷ ಹಣ ಕೂಡಿಟ್ಟಿದ್ದೆ.

ಭಾವನಿಗೆ ಡೈವಿಂಗ್ ಬರುವುದಿಲ್ಲ. ಅವರು ಬಂದದ್ದು ಜಾಯಿಕಾಯಿಗಾಗಿ. ಅಡಿಕೆ ತೋಟದ ನಡುವೆ ಮೂವತ್ತು ವರ್ಷದಿಂದ ಜಾಯಿಕಾಯಿ ಬೆಳೆಯುತ್ತಿದ್ದಾರೆ. ಆ ಮರದ ತವರು ಬಂಡಾ. ಶತಮಾನಗಳ ಕಾಲ ಜಗತ್ತಿಗೆ ಜಾಯಿಕಾಯಿ ಹೋಗುತ್ತಿದ್ದದ್ದು ಆ ಬೆರಳೆಣಿಕೆಯ ದ್ವೀಪಗಳಿಂದ. ಅದಕ್ಕಾಗಿಯೇ 1621ರಲ್ಲಿ ಡಚ್ಚರು ಅಲ್ಲಿನ ಜನರನ್ನು ಕೊಂದು ಊರೂರೇ ಬರಿದು ಮಾಡಿದರು. 1667ರ ಒಪ್ಪಂದದಲ್ಲಿ ರುನ್ ಡಚ್ಚರ ಪಾಲಿಗೆ, ಈಗಿನ ನ್ಯೂಯಾರ್ಕಿನ ಮ್ಯಾನ್‌ಹಟನ್ ಇಂಗ್ಲಿಷರ ಪಾಲಿಗೆ ಉಳಿಯಿತು. ಇದನ್ನೆಲ್ಲ ಭಾವನಿಗೆ ಹೇಳಿ ಹೇಳಿ ಹೊರಡಿಸಿದವನು ನಾನು. “ರುನ್‌ನಲ್ಲಿ ಒಂದು ಹಳೆಯ ಮರದ ಬುಡದಲ್ಲಿ ನಿಂತು ಬಂದರೆ ಸಾಕು” ಎಂದಿದ್ದರು.

ಹಣ ಕಳಿಸಿದ್ದು ಏಜೆಂಟರ ಸ್ವಂತ ಖಾತೆಗೆ. ವಿದೇಶ ಪ್ರವಾಸದ ಪ್ಯಾಕೇಜ್ ಮಾರುವವರು ಟಿಸಿಎಸ್, ಅಂದರೆ ಹಣ ಪಡೆಯುವಾಗಲೇ ಸರ್ಕಾರಕ್ಕೆಂದು ವಸೂಲು ಮಾಡುವ ತೆರಿಗೆ, ಹಿಡಿಯಲೇಬೇಕು. ಇವರು ಹಿಡಿಯಲಿಲ್ಲ. ಕೇಳಿದರೆ “ನಿಮಗೇ ಉಳಿತಾಯ ಸರ್” ಎಂದರು. ರಸೀದಿ ಎಂದು ಬಂದದ್ದು ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು. ನಾನು ಸುಮ್ಮನಾದೆ. ಯಾಕೆ ಸುಮ್ಮನಾದೆನೋ!

ಅಂಬೋನ್‌ನಲ್ಲಿ ಇಳಿದು ಬಂದರಿಗೆ ಹೋದೆವು. ಅವರು ಕಳಿಸಿದ ಚಿತ್ರದಲ್ಲಿದ್ದದ್ದು ಎರಡು ಹಾಯಿಗಂಬಗಳ ಪಿನಿಸಿ, ಸುಲಾವೇಸಿಯ ಬಡಗಿಗಳು ಕಟ್ಟುವ ಮರದ ಹಡಗು. ಅಲ್ಲಿ ನಿಂತಿದ್ದ ಹಡಗಿಗೆ ಒಂದೇ ಕಂಬ. ಬೇರೆ ಯಾವುದೋ ಇರಬೇಕೆಂದು ನಾನು ಅತ್ತಿತ್ತ ಹುಡುಕಿದೆ. ಭಾವ ಮಾತ್ರ ಹಡಗಿನ ಮೂತಿಯನ್ನೇ ನೋಡುತ್ತ ನಿಂತಿದ್ದರು. ನಮಗೆ ಹೇಳಿದ ಹೆಸರೇ ಅಲ್ಲಿ ಬಿಳಿ ಬಣ್ಣದಲ್ಲಿತ್ತು. ಬಣ್ಣ ಹೊಸದು, ಒಂದು ಅಕ್ಷರದ ಕಾಲಿನಿಂದ ಹನಿ ಇಳಿದು ಒಣಗಿತ್ತು. ಅದರಡಿಯಲ್ಲಿ, ಮರದಲ್ಲಿ ಕೊರೆದ ಇನ್ನೊಂದು ಹೆಸರು. ಮೇಲೆ ಬಳಿದದ್ದು ಹೊಸ ಹೆಸರನ್ನು, ಕೆಳಗಿನ ಕೊರೆತ ಹಾಗೆಯೇ ಇತ್ತು. ಭಾವ ಕೈ ಚಾಚಿ ಬೆರಳಿನಿಂದ ಆ ಕೊರೆತವನ್ನು ಸವರಿದರು. “ಇದು ಬೇರೆ ಹಡಗಲ್ಲವೇನೋ?” ಎಂದರು. ನನ್ನ ಕಿವಿ ಬಿಸಿಯಾದದ್ದು ಈಗಲೂ ನೆನಪಿದೆ.

ಅಲ್ಲಿಂದಲೇ ಏಜೆಂಟರಿಗೆ ಫೋನ್ ಮಾಡಿದೆ. “ಚಿತ್ರ ಮಾದರಿಗಷ್ಟೇ ಸರ್. ಕರಾರಿನ ಏಳನೇ ಅಂಶ ನೋಡಿ. ಸಮಾನ ದರ್ಜೆಯ ಹಡಗು ಎಂದಿದೆ.” ನಿಜ, ಹಾಗೆಯೇ ಇತ್ತು. ಸಮಾನ ದರ್ಜೆ! ಕೆಳಗಿನ ಕೋಣೆಗಳಿಂದ ತುರ್ತಾಗಿ ಹೊರಬರುವ ಕಿಂಡಿಯ ಮೇಲೆ ಅಕ್ಕಿ ಮೂಟೆ ಪೇರಿಸಿದ್ದರು. 2019ರಲ್ಲಿ ಕ್ಯಾಲಿಫೋರ್ನಿಯಾದ ಕಡಲಲ್ಲಿ ಕನ್ಸೆಪ್ಷನ್ ಎಂಬ ಡೈವಿಂಗ್ ಹಡಗಿಗೆ ರಾತ್ರಿ ಬೆಂಕಿ ಬಿದ್ದು ಕೆಳಗೆ ಮಲಗಿದ್ದ 34 ಮಂದಿ ಹೊರಬರಲಾಗದೆ ಸತ್ತದ್ದು ನನಗೆ ಗೊತ್ತಿತ್ತು. ಭಾವನಿಗೆ ಹೇಳಲಿಲ್ಲ. ಮೂಟೆಗಳನ್ನು ನಾವಿಬ್ಬರೇ ಸರಿಸಿದೆವು. ಮರುದಿನ ಆಮ್ಲಜನಕದ ಸಿಲಿಂಡರ್ ತೋರಿಸಿ ಎಂದೆ. ತಂದರು. ಮುಳ್ಳು ಸೊನ್ನೆಯ ಮೇಲೆ ನಿಂತಿತ್ತು. ಡೈವಿಂಗ್‌ನಲ್ಲಿ ಏನಾದರೂ ಎಡವಟ್ಟಾದರೆ ಮೊದಲು ಬೇಕಾಗುವುದೇ ಅದು. ನಾವು ಹೋಗಬೇಕಿದ್ದ ಕಡೆಯಲ್ಲೋ ಎತ್ತ ನೋಡಿದರೂ ಬರಿಯ ಸಮುದ್ರ.

ಇನ್ನೊಂದು. ಎರಡನೆಯ ಡೈವ್‌ನಲ್ಲಿ ಉಸಿರಿಗೆ ಡೀಸೆಲ್ ರುಚಿ ಬಂತು, ಮೇಲೆ ಬಂದ ಮೇಲೆ ಸಂಜೆಯವರೆಗೆ ತಲೆನೋವು. ಹೋಗಿ ನೋಡಿದರೆ ಟ್ಯಾಂಕ್ ತುಂಬುವ ಕಂಪ್ರೆಸರ್ ಗಾಳಿ ಎಳೆಯುವ ಬಾಯಿ, ಜನರೇಟರಿನ ಹೊಗೆಕೊಳವೆಯಿಂದ ಎರಡು ಮಾರು ದೂರದಲ್ಲಿತ್ತು. ಇಪ್ಪತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಮೂರು ಪಟ್ಟು. ಟ್ಯಾಂಕಿನಲ್ಲಿ ಸೇರಿದ ವಿಷಗಾಳಿಯ ಪೆಟ್ಟೂ ಅಷ್ಟೇ ಪಟ್ಟು ಏರುತ್ತದೆ. ಡೈವ್ ಗೈಡ್ ಅಲ್ಲಿಯವನೇ, ಒಳ್ಳೆಯ ಹುಡುಗ. ಎಲ್ಲಿಂದಲೋ ಉದ್ದದ ಪೈಪು ತಂದು ಆ ಬಾಯಿಯನ್ನು ಗಾಳಿ ಬೀಸುವ ಕಡೆಗೆ ತಿರುಗಿಸಿಕೊಟ್ಟ. ಆ ಹುಡುಗನ ಮೇಲೆ ನನಗೆ ದೂರಿಲ್ಲ.

ಎರಡು ಎಂಜಿನ್‌ಗಳಲ್ಲಿ ಒಂದು ಕೆಟ್ಟಿದೆ ಎಂದು ಮೊದಲ ಮೂರು ರಾತ್ರಿ ಅಂಬೋನ್ ಕೊಲ್ಲಿಯಲ್ಲೇ ಲಂಗರು. ಆಮೇಲೆ ಒಂದೇ ಎಂಜಿನ್‌ನಲ್ಲಿ ಬಂಡಾ ತಲುಪಲು 26 ಗಂಟೆ.

ಬಂಡಾ ದ್ವೀಪಗಳ ಮುಖ್ಯ ಊರಾದ ಬಂಡಾ ನೈರಾದಲ್ಲಿ ನಾಲ್ಕು ಡೈವ್ ಆಯಿತು. ಎರಡು ಲಾವಾ ಹರಿದ ಜಾಗದಲ್ಲಿ, ಕರಿಬಂಡೆಯ ಇಳಿಜಾರಿನಲ್ಲಿ ಊಟದ ಮೇಜಿನಷ್ಟು ಅಗಲದ ಹವಳಗಳು, ಒಂದರ ಮೇಲೊಂದು ಚಾಚಿಕೊಂಡು. ಅದು ನಿಜವಾಗಿಯೂ ಅಷ್ಟೇ ಚೆನ್ನಾಗಿದೆ, ಅದರಲ್ಲಿ ಸುಳ್ಳಿಲ್ಲ. ದಂಡೆಯ ಮೇಲೆ ಒಂದು ಮನೆಯ ಮುಂದೆ ಚಾಪೆಯ ಮೇಲೆ ಜಾಪತ್ರೆ ಒಣಹಾಕಿದ್ದರು. ಭಾವ ಕುಕ್ಕರುಗಾಲಲ್ಲಿ ಕುಳಿತು ಒಂದು ಎಸಳು ಮೂಸಿ, “ನಮ್ಮ ಅಂಗಳದ್ದೇ ವಾಸನೆ” ಎಂದರು. ರುನ್‌ಗೆ ಊರವರ ದೋಣಿಗಳು ಹೋಗುತ್ತವೆ, ನಾನೇ ಹೋಗಿ ಬರಲೇ ಎಂದು ಕೇಳಿದರು. ಹಡಗಿನ ಮ್ಯಾನೇಜರ್ ಬೇಡವೆಂದ. “ಯಾವ ಗಳಿಗೆಯಲ್ಲಿ ಬೇಕಾದರೂ ಮಾನುಕ್‌ಗೆ ಹೊರಡುತ್ತೇವೆ, ದೂರ ಹೋಗಬೇಡಿ.” ಎರಡು ದಿನ ಅದೇ ಮಾತು. ಭಾವ ಎರಡು ದಿನ ಚಪ್ಪಲಿ ಹಾಕಿಕೊಂಡೇ ಡೆಕ್ಕಿನ ಮೇಲೆ ಕುಳಿತಿದ್ದರು.

ಎರಡನೆಯ ದಿನ ಸಂಜೆ ಮ್ಯಾನೇಜರ್ ಬಂದು, ಹವಾಮಾನ ಸರಿಯಿಲ್ಲ, ಮಾನುಕ್ ರದ್ದು ಎಂದ. ನೀರು ತಟ್ಟೆಯಲ್ಲಿಟ್ಟ ಹಾಗಿತ್ತು. ಒಂದು ಅಲೆ ಇರಲಿಲ್ಲ. ನಮ್ಮ ಪಕ್ಕದಲ್ಲಿ ಲಂಗರು ಹಾಕಿದ್ದ ಇನ್ನೊಂದು ಡೈವಿಂಗ್ ಹಡಗು ಆಗಲೇ ಸರಪಳಿ ಎಳೆದುಕೊಳ್ಳುತ್ತಿತ್ತು. ಎಲ್ಲಿಗೆ ಎಂದು ಕೂಗಿ ಕೇಳಿದೆ. “ಮಾನುಕ್!” ಎಂದರು ಅವರು, ಕೈ ಬೀಸಿ. ಅದರ ದೀಪಗಳು ಜ್ವಾಲಾಮುಖಿಯ ನೆರಳು ದಾಟಿ ಹೋಗುವವರೆಗೂ ನಾವಿಬ್ಬರೂ ಕಟಕಟೆ ಹಿಡಿದು ನಿಂತಿದ್ದೆವು. ಆಮೇಲೆ ಗೈಡ್ ಹುಡುಗ ಹತ್ತಿರ ಬಂದು ಮೆಲ್ಲಗೆ ಹೇಳಿದ: ಡೀಸೆಲ್ ಇಲ್ಲ. ಅಂಬೋನ್‌ಗೆ ಮರಳುವಷ್ಟೇ ಇದೆ, ಹೊರಡುವಾಗಲೇ ಅಷ್ಟೇ ತುಂಬಿದ್ದು. ಹೊರಡುವಾಗಲೇ! ಅಂದರೆ ಮಾನುಕ್‌ಗೆ ಹೋಗುವುದಿಲ್ಲ ಎಂದು ಅವರಿಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ಭಾವನನ್ನು ಎರಡು ದಿನ ಕೂರಿಸಿದರು. ಭಾವನಿಗೆ ರುನ್ ತಪ್ಪಿತು. ಹಣವನ್ನಾದರೂ ನುಂಗಿಕೊಂಡೇನು, ಇದನ್ನು ನುಂಗಲಾಗುವುದಿಲ್ಲ.

28 ಡೈವ್ ಎಂದವರು ಕೊಟ್ಟದ್ದು ಒಂಬತ್ತು. ಅದರಲ್ಲಿ ಐದು ಅಂಬೋನ್ ಬಂದರಿನ ಬಾಗಿಲಲ್ಲಿ.

ಊರಿಗೆ ಬಂದ ಮೇಲೆ ಏಜೆಂಟರ ಉತ್ತರಗಳು. ಮೊದಲು: “ಪ್ರಕೃತಿ ನಮ್ಮ ಕೈಯಲ್ಲಿಲ್ಲ ಸರ್.” ಪಕ್ಕದ ಹಡಗು ಹೋದ ಫೋಟೊ ಕಳಿಸಿದೆ. ಎರಡು ದಿನ ಬಿಟ್ಟು: “ಬಂಡಾ ನೋಡಿದಿರಲ್ಲ ಸರ್, ಎಷ್ಟು ಜನರಿಗೆ ಆ ಭಾಗ್ಯವಿದೆ?” ಡೀಸೆಲ್ ವಿಷಯ ಬರೆದೆ. “ನಾವು ಮಧ್ಯವರ್ತಿಗಳಷ್ಟೇ, ಹಡಗಿನವರನ್ನೇ ಕೇಳಿ.” ಹಡಗಿನವರಿಗೆ ಇಮೇಲ್ ಹಾಕಿದೆ. ಅವರು ಬರೆದದ್ದು ಓದಿ ಕೈ ನಡುಗಿತು. ಏಜೆಂಟರಿಂದ ಅವರಿಗೆ ತಲುಪಿದ್ದು ತಲೆಗೆ ಸುಮಾರು 1,90,000 ರೂಪಾಯಿಯಷ್ಟಂತೆ, ಆ ಹಣಕ್ಕೆ ಮಾನುಕ್ ಸೇರಿಯೇ ಇರಲಿಲ್ಲವಂತೆ. ಅದನ್ನೇ ಏಜೆಂಟರಿಗೆ ಕಳಿಸಿದೆ. “ನೀವು ವಿದ್ಯಾವಂತರು ಸರ್, ಇಷ್ಟು ಸಣ್ಣ ವಿಷಯ ದೊಡ್ಡದು ಮಾಡಬಾರದು. ಮುಂದಿನ ಪ್ರವಾಸಕ್ಕೆ ಶೇಕಡಾ 15 ರಿಯಾಯಿತಿ ಕೊಡುತ್ತೇನೆ, ಎಲ್ಲಿಯೂ ಬರೆಯಬೇಡಿ.” ಅದಕ್ಕೇ ಬರೆಯುತ್ತಿದ್ದೇನೆ. 1915ಕ್ಕೆ ಕರೆ ಮಾಡಿ ಗ್ರಾಹಕ ದೂರು ದಾಖಲಿಸಿದ್ದೇನೆ, ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ.

ಹೋಗುವವರು ಇಷ್ಟನ್ನಾದರೂ ಮಾಡಿ. ಹಣ ಕಟ್ಟುವ ಮೊದಲು ನೇರವಾಗಿ ಹಡಗಿನವರಿಗೇ ಬರೆದು, ನಿಮ್ಮ ಹೆಸರು, ದಿನಾಂಕ, ಮಾರ್ಗ ಅವರ ಪಟ್ಟಿಯಲ್ಲಿದೆಯೇ ಎಂದು ಕೇಳಿ. “ಸಮಾನ ದರ್ಜೆ” ಎಂಬ ಮಾತು ಕರಾರಿನಲ್ಲಿದ್ದರೆ ಹೊಡೆಸಿಹಾಕಿ. ಯಾರದೋ ಸ್ವಂತ ಖಾತೆಗೆ ಹಣ ಹಾಕಬೇಡಿ, ಬಿಲ್ಲಿನಲ್ಲಿ ಟಿಸಿಎಸ್ ಕಾಣದಿದ್ದರೆ ಅಲ್ಲಿಗೇ ಮಾತು ನಿಲ್ಲಿಸಿ. ಹಡಗು ಹತ್ತಿದ ಕೂಡಲೇ ಆಮ್ಲಜನಕದ ಸಿಲಿಂಡರ್ ನಿಮ್ಮ ಕಣ್ಣೆದುರಿಗೆ ತೆರೆದು ತೋರಿಸಲಿ. ಊರಿನ ಹೆಸರು ಹೇಳಿ ನಮ್ಮವರು ಎಂದವರಿಗೆ ಒಂದು ಪೈಸೆ ಹೆಚ್ಚು ನಂಬಿಕೆ ಕೊಡಬೇಡಿ.

ನಿನ್ನೆ ಗೆಳೆಯನೊಬ್ಬ ಅದೇ ಏಜೆಂಟರ ಹೊಸ ಜಾಹೀರಾತು ಕಳಿಸಿದ್ದಾನೆ. ಮಾರ್ಚ್‌ನಲ್ಲಿ ಬಂಡಾ ಮತ್ತು ಮಾನುಕ್, ಹತ್ತು ರಾತ್ರಿ. ಚಿತ್ರದಲ್ಲಿ ಅದೇ ಎರಡು ಹಾಯಿಗಂಬಗಳ ಹಡಗು. ಕೆಳಗೆ ಬರೆದಿದ್ದಾರೆ: ಎರಡೇ ಸೀಟು ಉಳಿದಿವೆ. ಆ ಎರಡು ಸೀಟು ನೀವು ತೆಗೆದುಕೊಳ್ಳಬೇಡಿ.