ಪಾದ ಎತ್ತುವ ಸ್ಟಿಮ್ಯುಲೇಟರ್: ವಿಜಯಪುರದಲ್ಲಿ 14 ತಿಂಗಳು ಬಳಸಿದ ಮೇಲೆ

ಮಾಳಿಗೆಯಿಂದ ಬಿದ್ದು ನನ್ನ ಬೆನ್ನುಹುರಿಗೆ ಪೆಟ್ಟಾಯಿತು, ಡಿ10 ಹತ್ತಿರ, ಅಂದರೆ ಬೆನ್ನೆಲುಬಿನ ಎದೆಭಾಗದ ಹತ್ತನೇ ಮಣಿ. ಹುರಿ ಪೂರ್ತಿ ಹೋಗಿರಲಿಲ್ಲ. ಆಪರೇಷನ್ ಆದಮೇಲೆ ಬೆಂಗಳೂರಿನಲ್ಲಿ ಮೂರು ವಾರ ಸೊಂಟಕ್ಕೆ ಬೆಲ್ಟ್ ಕಟ್ಟಿ, ಮೈಭಾರ ಮೇಲಕ್ಕೆ ಹಿಡಿದು, ಟ್ರೆಡ್‌ಮಿಲ್ ಮೇಲೆ ನಡೆಸಿದರು. ಆಮೇಲೆ ಊರಲ್ಲೇ ಫಿಸಿಯೋಥೆರಪಿ. ಎಡಗಾಲಿಗೆ ಬಲ ಬಂತು. ಬಲಗಾಲಿನ ಪಾದ ಮಾತ್ರ ಜೋತುಬಿದ್ದೇ ಉಳಿಯಿತು. ವಾಕರ್ ಹಿಡಿದು ನಡೆದರೆ ಬೆರಳು ನೆಲ ಉಜ್ಜುತ್ತಿತ್ತು. ಎರಡೇ ತಿಂಗಳಿಗೆ ಬಲ ಚಪ್ಪಲಿಯ ತುದಿ ಸವೆದುಹೋಗುತ್ತಿತ್ತು.

ಅದಕ್ಕೇ ಈ ಯಂತ್ರ ತಗೊಂಡೆ. ಮೊಣಕಾಲಿನ ಕೆಳಗೆ ಒಂದು ಪಟ್ಟಿ, ಅದರೊಳಗೆ ಎರಡು ಅಂಟು ಪ್ಯಾಡ್. ಶೂ ಒಳಗೆ ಹಿಮ್ಮಡಿಯ ಕೆಳಗೆ ಒಂದು ಸ್ವಿಚ್. ಹಿಮ್ಮಡಿ ಎದ್ದ ಕೂಡಲೇ ನರಕ್ಕೆ ಸಣ್ಣ ಕರೆಂಟ್ ಹೋಗಿ ಪಾದ ಮೇಲೇಳುತ್ತದೆ. ಹಿಮ್ಮಡಿ ಊರಿದರೆ ಕರೆಂಟ್ ನಿಲ್ಲುತ್ತದೆ. ಉಪಾಯ ಹೊಸದೇನಲ್ಲ. 1961ರಲ್ಲೇ ಲಿಬರ್ಸನ್ ಎಂಬ ವೈದ್ಯರು ಲಕ್ವಾ ಹೊಡೆದವರಿಗೆ ಇದನ್ನು ಮಾಡಿ ತೋರಿಸಿದ್ದರಂತೆ, ನಮ್ಮ ಫಿಸಿಯೋ ಹೇಳಿದರು.

ಮೊದಲ ತಿಂಗಳು ತುಂಬಾ ಬೇಸರವಾಯಿತು. ಪ್ಯಾಡ್ ಒಂದು ಬೆರಳು ಆಚೆ ಈಚೆ ಆದರೂ ಪಾದ ಹೊರಗೆ ತಿರುಗುತ್ತಿತ್ತು. ಕೊನೆಗೆ ಮೊಣಕಾಲಿನ ಹೊರಬದಿಯ ಎಲುಬಿನ ಗಂಟಿನ ಹತ್ತಿರ ಸರಿಯಾದ ಜಾಗ ಹುಡುಕಿ, ಪೆನ್ನಿನಿಂದ ಗುರುತು ಹಾಕಿಕೊಂಡೆ. ದಿನಾ ಹದಿನೈದು ನಿಮಿಷದಿಂದ ಶುರು ಮಾಡಿದೆ. ಮೂರನೇ ತಿಂಗಳಲ್ಲಿ ಒಂದು ದಿನ ಅಂಗಳ ದಾಟಿ ಬಂದೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿದಳು. "ಕಾಲ ಎಳ್ಯೂ ಸಪ್ಪಳನ ಬರಲಿಲ್ಲಲ್ಲೋ ಇವತ್ತ!" ಅಂದಳು. ಈಗ ವಾಕರ್ ಬಿಟ್ಟಿದ್ದೇನೆ, ಒಂದೇ ಕೋಲು ಸಾಕು. ಬೆಳಿಗ್ಗೆ ಗೋಳಗುಮ್ಮಟದ ಹತ್ತಿರ ಸಪಾಟು ದಾರಿಯಲ್ಲಿ ನಡೆಯುತ್ತೇನೆ.

ತೊಂದರೆಗಳೂ ಇವೆ. ನಮ್ಮ ಕಡೆ ಮನೆಯೊಳಗೆ, ಗುಡಿಯೊಳಗೆ ಶೂ ಹಾಕುವಂತಿಲ್ಲ, ಅಲ್ವಾ? ಶೂ ಬಿಚ್ಚಿದರೆ ಸ್ವಿಚ್ಚೂ ಹೋಯಿತು. ಕಂಪನಿಯವರಿಗೆ ಇದು ಹೊಳೆದೇ ಇಲ್ಲ. ನನ್ನ ಹೆಂಡತಿ ದಪ್ಪ ಕಾಲುಚೀಲದ ಹಿಮ್ಮಡಿಗೆ ಸಣ್ಣ ಜೇಬು ಹೊಲಿದು ಸ್ವಿಚ್ ಅದರಲ್ಲಿಟ್ಟಳು. ಸಿದ್ದೇಶ್ವರ ಗುಡಿಗೆ ಅದರಲ್ಲೇ ಹೋಗಿಬಂದೆ. ಬೇಸಿಗೆಯ ಬೆವರಿಗೆ ಪ್ಯಾಡ್ ಎರಡು ವಾರವೂ ನಿಲ್ಲುವುದಿಲ್ಲ, ಕಿತ್ತುಬರುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಶೂಗೆ ಮೆತ್ತಿ ಪಾದ ಭಾರವಾದರೆ ಯಂತ್ರಕ್ಕೂ ಎತ್ತಲು ಆಗುವುದಿಲ್ಲ. ಒಮ್ಮೆ ಸ್ವಿಚ್ಚಿನ ವೈರ್ ಹಿಮ್ಮಡಿಯ ಹತ್ತಿರ ತುಂಡಾಯಿತು. ಕೊರಿಯರ್ ಮಾಡಿ ವಾಪಸ್ ಬರುವಷ್ಟರಲ್ಲಿ 26 ದಿನ. ಅಷ್ಟೂ ದಿನ ಮತ್ತೆ ಅದೇ ಸಪ್ಪಳ. ಜೋಡಿ ಎತ್ತಿನಷ್ಟು ದುಡ್ಡು ಕೊಟ್ಟವರಿಗೆ ಒಂದು ಬದಲಿ ವೈರ್ ಆದರೂ ಕೊಡಬೇಕಿತ್ತು.

ನನ್ನ ಕಾಲಿಗೆ ಸ್ಪರ್ಶ ಕಡಿಮೆ. ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಹಾಗಾಗಿ ದಿನಾ ರಾತ್ರಿ ಪ್ಯಾಡ್ ತೆಗೆದು, ಕನ್ನಡಿ ಹಿಡಿದು ನೋಡುತ್ತೇನೆ. ಕೆಂಪಾಗಿದ್ದರೆ ಮರುದಿನ ರಜೆ.

ತಗೊಳ್ಳುವ ಮೊದಲು ಒಂದು ಮಾತು. ಕಾಲಿನ ನರ ಚೆನ್ನಾಗಿದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ಸೊಂಟದ ಕೆಳಭಾಗದಲ್ಲಿ ಪೆಟ್ಟಾಗಿ ನರವೇ ಸತ್ತಿದ್ದರೆ ಸುಮ್ನೆ ದುಡ್ಡು ದಂಡ. ಪೇಸ್‌ಮೇಕರ್ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಲೇಬೇಡಿ. ಫಿಸಿಯೋ ಎದುರಿಗೇ ಪ್ಯಾಡ್ ಹಚ್ಚಿ, ಪಾದ ಮೇಲೇಳುವುದನ್ನು ಕಣ್ಣಾರೆ ನೋಡಿ, ಆಮೇಲೆ ದುಡ್ಡು ಕೊಡಿ.