ಶುಂಠಿ ಸೋಡಾ: ಹೆಪ್ಪೋ, ಯೀಸ್ಟೋ?

ಮಂಗಳೂರಿನ ಬಿಜೈ ಕಡೆಯ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲೂ ನೊರೆಯುಕ್ಕುವ ಶುಂಠಿ ಸೋಡಾ ಹುದುಗಿಸಬಹುದು. ಒಂದು ಪಾತ್ರೆ, ಬಟ್ಟೆ, ಎರಡು ಬಾಟಲಿ ಇದ್ದರೆ ಸಾಕು. ಎರಡು ದಾರಿಗಳಿವೆ: ಶುಂಠಿಯಲ್ಲೇ ಇರುವ ಯೀಸ್ಟನ್ನು ಬೆಳೆಸಿದ ಹೆಪ್ಪು, ಇಲ್ಲವೇ ಬೇಕರಿಯ ಒಣ ಯೀಸ್ಟ್.

ಎರಡಕ್ಕೂ ಬುಡ ಒಂದೇ. ಒಂದು ಲೀಟರ್ ನೀರಿಗೆ 50 ಗ್ರಾಂ ತುರಿದ ಶುಂಠಿ, 90 ಗ್ರಾಂ ಸಕ್ಕರೆ ಹಾಕಿ ಹತ್ತು ನಿಮಿಷ ಕುದಿಸಿ, ಆರಿದ ಮೇಲೆ ಒಂದು ಲಿಂಬೆಯ ರಸ ಹಿಂಡಿ ಸೋಸಿ. ಬಿಸಿ 35 ಡಿಗ್ರಿಗೆ ಇಳಿಯದೆ ಹೆಪ್ಪಾಗಲಿ ಯೀಸ್ಟಾಗಲಿ ಹಾಕಬೇಡಿ, ಬಿಸಿ ಹೆಚ್ಚಿದ್ದರೆ ಯೀಸ್ಟ್ ಸಾಯುತ್ತದೆ.

ಹೆಪ್ಪಿಗೆ ಎರಡು ಲೋಟ ನೀರು, ಎರಡು ಚಮಚ ಸಿಪ್ಪೆಸಹಿತ ಶುಂಠಿ ತುರಿ, ಎರಡು ಚಮಚ ಸಕ್ಕರೆ. ದಿನಾ ಒಂದೊಂದು ಚಮಚ ಸೇರಿಸಿ. ನಮ್ಮ ಸೆಖೆಗೆ ನಾಲ್ಕನೇ ದಿನ ಗುಳ್ಳೆ ಏಳುತ್ತದೆ. ಬಾವಿ ನೀರಾದರೆ ಒಳ್ಳೆಯದು. ತುಂಬೆ ಅಣೆಕಟ್ಟೆಯಿಂದ ಬರುವ ನಲ್ಲಿ ನೀರನ್ನು ಕುದಿಸಿ ಆರಿಸಿ, ಕ್ಲೋರಿನ್ ಹೋಗಲಿ. ಮಳೆಗಾಲದಲ್ಲಿ ಮೇಲೆ ತೇಲುವ ತುರಿಗೆ ಬೂಸ್ಟು ಹಿಡಿಯುತ್ತದೆ, ದಿನಕ್ಕೆರಡು ಸಲ ಕದಡಲೇಬೇಕು. ಲೀಟರಿಗೆ 60 ಮಿಲಿಲೀಟರ್ ಹೆಪ್ಪು ಹಾಕಿದರೆ ಎರಡು ದಿನದಲ್ಲಿ ಸೋಡಾ ಸಿದ್ಧ. ರುಚಿಯಲ್ಲಿ ಒಣ ಯೀಸ್ಟ್ ಇದನ್ನು ಮೀರಿಸುವುದಿಲ್ಲ: ತುಸು ಹುಳಿ, ಖಾರ ಗಂಟಲಲ್ಲಿ ನಿಲ್ಲುತ್ತದೆ. ಆದರೆ ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುವುದಿಲ್ಲ.

ಒಣ ಯೀಸ್ಟ್, ಸನ್ನಾಸ್ ಎಂಬ ಇಡ್ಲಿಯಂಥ ಅಕ್ಕಿ ತಿಂಡಿಗೆ ಶೇಂದಿಯ ಬದಲು ಬಳಸುವ ಮನೆಗಳಲ್ಲಿ ಹೇಗೂ ಡಬ್ಬಿಯಲ್ಲಿರುತ್ತದೆ. ಲೀಟರಿಗೆ ಒಂದು ಚಿಟಿಕೆ, ಅಂದರೆ 0.2 ಗ್ರಾಂ. ಹೆಚ್ಚಾದರೆ ಬ್ರೆಡ್ ವಾಸನೆ. ಒಂದೇ ದಿನದಲ್ಲಿ ಗ್ಯಾಸ್ ತುಂಬುತ್ತದೆ. ತಳದ ಗಸಿ ಮಾತ್ರ ಗಟ್ಟಿಯಾಗಿ ಕೂರುವುದಿಲ್ಲ, ಬಗ್ಗಿಸುವಾಗ ಲೋಟಕ್ಕೆ ಬರುತ್ತದೆ. ನೆಂಟರು ಬರುವ ದಿನ ಗೊತ್ತಿದ್ದರೆ ಇದೇ ಸರಿ.

ಯಾವುದನ್ನೇ ಹಾಕಿ, ಬಾಟಲಿಯಲ್ಲಿ ಎಡವಿದರೆ ಕೆಲಸ ಕೆಟ್ಟಿತು. ಲೀಟರಿನಲ್ಲಿ 4 ಗ್ರಾಂ ಸಕ್ಕರೆ ಹುದುಗಿದರೆ ಸುಮಾರು ಒಂದು ಲೀಟರ್ ಅನಿಲ. ಸೋಡಾಕ್ಕೆ 12 ಗ್ರಾಂ ಸಾಕು. ನಾವು ಹಾಕಿದ್ದು 90. ಮಿಕ್ಕಿದ್ದು ಹುದುಗುತ್ತಲೇ ಹೋದರೆ ಗಾಜು ಒಡೆಯುತ್ತದೆ. ಹಾಗಾಗಿ ಸೋಡಾದ್ದೇ ಖಾಲಿ ಪ್ಲಾಸ್ಟಿಕ್ ಬಾಟಲಿ ಹಿಡಿಯಿರಿ, ಮೇಲೆ ನಾಲ್ಕು ಬೆರಳು ಜಾಗ ಬಿಡಿ. ಹೆಬ್ಬೆರಳಿಂದ ಒತ್ತಿದರೆ ಬಗ್ಗದಾಗ ಫ್ರಿಜ್ಜಿಗೆ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಸಂಜೆ ಒತ್ತಿ ನೋಡಬೇಕು. ಕರೆಂಟು ಹೋಗಿ ಫ್ರಿಜ್ಜು ಬೆಚ್ಚಗಾದರೆ ಹುದುಗು ಮತ್ತೆ ಶುರುವಾಗುತ್ತದೆ. ತೆರೆಯುವ ಮುಂಚೆ ಅರ್ಧ ದಿನ ತಂಪಾಗಿರಲಿ, ಇಲ್ಲದಿದ್ದರೆ ಅರ್ಧ ಬಾಟಲಿ ನೊರೆಯಾಗಿ ನೆಲಕ್ಕೆ. ಸರಿಯಾಗಿ ಸೋಸದ ಶುಂಠಿ ನಾರೂ ಅದೇ ಉಪದ್ರ ಮಾಡುತ್ತದೆ.

ಬಿಯರಿನಂಥ ಪರಿಮಳ ಬೇಕೆನ್ನುವವರು ನೀರು 80 ಡಿಗ್ರಿಗೆ ಇಳಿದಾಗ ಲೀಟರಿಗೆ ಒಂದು ಗ್ರಾಂ ಹಾಪ್ಸ್ ಪೆಲೆಟ್ (ಬಿಯರಿಗೆ ಹಾಕುವ ಹೂವಿನ ಒಣ ಗುಳಿಗೆ) ಹಾಕಿ ಹತ್ತು ನಿಮಿಷ ಬಿಟ್ಟು ಸೋಸಿ. ಕುದಿಸಿದರೆ ಕಹಿ ಮುಂದಾಗುತ್ತದೆ. ಹಾಪ್ಸ್ ನಾಯಿಗೆ ವಿಷ, ಗಸಿ ಅಂಗಳಕ್ಕೆ ಚೆಲ್ಲಬೇಡಿ.

ಸಮಯಕ್ಕೆ ಫ್ರಿಜ್ಜಿಗಿಟ್ಟರೂ ಎರಡು ದಾರಿಯಲ್ಲೂ ಸ್ವಲ್ಪ ಮದ್ಯಾಂಶ ಇರುತ್ತದೆ. ಮಕ್ಕಳಿಗೆ ಶುಂಠಿ ಶರಬತ್ತಿಗೆ ಅಂಗಡಿ ಸೋಡಾ ಬೆರೆಸಿ ಕೊಡಿ.