ಸ್ವಿಟ್ಜರ್ಲೆಂಡ್ ಫ್ಲ್ಯಾಶ್‌ಕಾರ್ಡ್ ಸೆಟ್: ಒಳ್ಳೇದುಂಟು, ಬಾವುಟ ಮಾತ್ರ ಎಡವಟ್ಟು

ಮಂಗಳೂರಿನ ಹಂಪನಕಟ್ಟೆ ಹತ್ರ ಒಂದು ಅಂಗಡಿಯಲ್ಲಿ ಮಗಳಿಗೆ ತಗೊಂಡದ್ದು, ಯುಕೆಜಿ ಮಕ್ಕಳಿಗೆ ಸರಿಯಾಗ್ತದೆ. ಕಾರ್ಡ್ ದಪ್ಪ ಉಂಟು, ಚಾ ಚೆಲ್ಲಿದ್ರೂ ಒರೆಸಿದ್ರೆ ಹೋಗ್ತದೆ. ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್ ಅಂತ ನಾಲ್ಕು ಭಾಷೆಯ ಕಾರ್ಡ್ ಅವಳಿಗೆ ಭಾರೀ ಇಷ್ಟ, ನಮ್ಮಲ್ಲಿ ತುಳು ಕೊಂಕಣಿ ಬ್ಯಾರಿ ಕನ್ನಡ ಇಲ್ವಾ ಹಾಗೇ ಅಂದೆ, ಕೂಡ್ಲೇ ತಲೆಗೆ ಹೋಯ್ತು. ಆದ್ರೆ ಎಂತ ಮಾರಾಯ್ರೆ, ಸ್ವಿಸ್ ಬಾವುಟ ಚೌಕ ಅಲ್ವಾ, ಇವ್ರು ಕಾರ್ಡಿಗೆ ಫಿಟ್ ಆಗ್ಲಿಕ್ಕೆ ಎಳೆದು ಉದ್ದ ಮಾಡಿದ್ದಾರೆ, ಮಕ್ಕಳಿಗೆ ಹೇಳಿಕೊಡ್ಲಿಕ್ಕೆ ಮಜಾ ಇರೋದೇ ಆ ಚೌಕದಲ್ಲಿ! ಬಾಸೆಲ್ ಊರಿನ ಕಾರ್ಡಲ್ಲಿ ಬರೀ ರೈನ್ ನದಿ, ಆ ಊರಿಂದ ಬಂದ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್‌ನವ್ರು 1865ರಲ್ಲಿ ಮಂಗಳೂರಲ್ಲಿ ಹೆಂಚಿನ ಫ್ಯಾಕ್ಟರಿ ಹಾಕಿದ್ದು ನಾನೇ ಮನೆಯ ಮಾಡು (ಛಾವಣಿ) ತೋರಿಸಿ ಹೇಳ್ಬೇಕಾಯ್ತು. ಆಫರಲ್ಲಿ ಸಿಕ್ಕಿದ್ರೆ ತಗೊಳ್ಳಿ, ಬಾವುಟ ಮಾತ್ರ ನೀವೇ ಕ್ರಯಾನಲ್ಲಿ ಬಿಡಿಸಿ ಕೊಡಿ.